ಗದ್ದೆ ನೆಲದ ಮೇಲೆ ಸೊಪ್ಪಿನ ಮಡಿ, ಎರಡನೇ ಸಲ

ನಮ್ಮ ಮನೆಯ ಪೂರ್ವಕ್ಕೆ, ಗೋಡೆಗೂ ಕಾಂಪೌಂಡಿಗೂ ನಡುವೆ ಏಳಡಿ ಅಗಲ, ಇಪ್ಪತ್ನಾಲ್ಕು ಅಡಿ ಉದ್ದದ ಓಣಿಯಿದೆ. ಅಲ್ಲಿ ನಾಲ್ಕು ಥರದ ಸೊಪ್ಪು ಬೆಳೆಯೋಕೆ ನನಗೆ ಎಂಟು ತಿಂಗಳು, 9,827 ರೂಪಾಯಿ ಮತ್ತು ಹೊಲಿಗೆ ಮಿಷನ್ನಿನ ಐದು ಸೂಜಿ ಬೇಕಾದವು. ಅರ್ಧ ದುಡ್ಡು, ಐದು ತಿಂಗಳು ನನ್ನದೇ ತಪ್ಪಿಗೆ ಹೋದದ್ದು.

ನಾನು ಮಂಡ್ಯದಲ್ಲಿ, ಗುತ್ತಲು ಕಡೆಯ ಒಂದು ಬಡಾವಣೆಯಲ್ಲಿ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕೆಳಗಿನ ತಾರೀಖು, ಇಂಚು, ರೂಪಾಯಿ ಎಲ್ಲ ನನ್ನ ಅಳತೆ ಪುಸ್ತಕದಿಂದ ತೆಗೆದದ್ದು. ಗಿರಾಕಿಗಳ ಎದೆ, ಸೊಂಟ, ತೋಳುದ್ದದ ನಡುವೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಗೀಚಿಟ್ಟಿದ್ದೆ. ಹಾಗೆ ಗೀಚಿಟ್ಟದ್ದರಿಂದಲೇ ಒಂದು ದೊಡ್ಡ ಎಡವಟ್ಟೂ ಆಯಿತು, ಅದು ಮುಂದೆ ಬರುತ್ತೆ.

ಮೇ 26. ಬಿಸಿಲಿನ ಅಳತೆ

ಬೆಳಿಗ್ಗೆ ಏಳಕ್ಕೆ ಬಿಸಿಲು ಕಾಂಪೌಂಡ್ ದಾಟಿ ಒಳಗೆ ಬೀಳುತ್ತೆ. ಹನ್ನೆರಡೂವರೆಗೆ ಮನೆಯ ನೆರಳು ಬಂದು ಮುಚ್ಚುತ್ತೆ. ಐದೂವರೆ ಗಂಟೆ. ಸೊಪ್ಪಿಗೆ ಸಾಕು. ಟೊಮ್ಯಾಟೊ, ಬದನೆಗೆ ಸ್ವಲ್ಪ ಕಡಿಮೆಯೇ. ಓಣಿಯ ನಡುವೆ ಮೂರಡಿ ಮಡಿ, ಎರಡೂ ಪಕ್ಕ ಎರಡೆರಡು ಅಡಿ ಓಡಾಡೋಕೆ ಅಂತ ಗೆರೆ ಎಳೆದೆ. ಮೂರಡಿಗಿಂತ ಅಗಲ ಮಾಡಿದರೆ ಕುಕ್ಕರಗಾಲಲ್ಲಿ ಕೂತು ನಡುವಿನ ಕಳೆಗೆ ಕೈ ಎಟುಕೋಲ್ಲ, ಕೂತು ನೋಡಿಯೇ ತೀರ್ಮಾನ ಮಾಡಿದ್ದು.

ಮೇ 28, 29. ಅಗೆತ

ಒಬ್ಬ ಆಳು, ಎರಡು ದಿನ, ದಿನಕ್ಕೆ 750. ಹಾರೆ, ಪಿಕಾಸಿ, ಗುದ್ದಲಿ, ಬಾಂಡ್ಲಿ ಎಲ್ಲ ಅವನದೇ. ಮೇಲಿನ ಎಂಟು ಇಂಚು ಮಣ್ಣೇ ಅಲ್ಲ. ಮನೆ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು ಉಂಡೆ, ಟೈಲ್ಸ್ ತುಂಡು, ಮುದುಡಿದ ಸಿಮೆಂಟು ಚೀಲ, ಒಂದು ಎಡಗಾಲಿನ ಚಪ್ಪಲಿ. ಅದರ ಕೆಳಗೆ ಬೂದುಗಪ್ಪು ಜೇಡಿ ಮಣ್ಣು, ಗುದ್ದಲಿಗೆ ಅಂಟಿದರೆ ಬಿಡಿಸೋಕೆ ಇನ್ನೊಂದು ಗುದ್ದಲಿ ಬೇಕು. ಮೂರಡಿ ಅಗಲ, ಹದಿನೆಂಟಡಿ ಉದ್ದ, ಒಂದಡಿ ಆಳ ತೋಡಿಸಿದೆ. ಇಟ್ಟಿಗೆ ಚೂರನ್ನು ಆಳು ಎಸೆಯೋಕೆ ಹೊರಟಿದ್ದ. ಮೂಲೆಗೆ ಗುಡ್ಡೆ ಹಾಕು ಅಂದೆ. ಆವತ್ತು ಯಾಕೆ ಹಾಗೆ ಹೇಳಿದೆನೋ, ಎಂಟು ತಿಂಗಳಲ್ಲಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆ ಅದು.

ಜೂನ್ 2. ಬಕೆಟ್ ಪರೀಕ್ಷೆ

ತೋಡಿದ ತಳದಲ್ಲಿ ಇನ್ನೊಂದು ಗುಂಡಿ, ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಆಳ. ಒಂದು ಸಲ ನೀರು ತುಂಬಿಸಿ ಇಂಗೋಕೆ ಬಿಟ್ಟು, ಮತ್ತೆ ತುಂಬಿಸಿ ಕಡ್ಡಿ ನೆಟ್ಟು ಅಳೆದೆ. ಪುಸ್ತಕದಲ್ಲಿ ಹೀಗಿದೆ: ಸಂಜೆ 4ಕ್ಕೆ 12 ಇಂಚು. ರಾತ್ರಿ 9ಕ್ಕೆ 9. ಬೆಳಿಗ್ಗೆ 6ಕ್ಕೆ 5. ಅದರ ಕೆಳಗೇ ಅದೇ ಪೆನ್ನಲ್ಲಿ ಒಬ್ಬರ ತೋಳುದ್ದ, 5½.

ಗಂಟೆಗೆ ಅರ್ಧ ಇಂಚು ಇಳಿಯುತ್ತಿದೆ ಅಂತ ಲೆಕ್ಕ. ತರಕಾರಿ ಬೆಳೆಯೋ ನೆಲದಲ್ಲಿ ಗಂಟೆಗೆ ಒಂದೆರಡು ಇಂಚಾದರೂ ಇಳಿಯಬೇಕು. ನಾನು ಏನಂದುಕೊಂಡೆ ಗೊತ್ತಾ? ಒಳ್ಳೇದೇ ಆಯ್ತು, ತೇವ ನಿಲ್ಲುತ್ತೆ, ನೀರು ಕಡಿಮೆ ಸಾಕು ಅಂತ. ಪುಟ ತಿರುಗಿಸಿದೆ.

ಜೂನ್ 5ರಿಂದ 9. ತುಂಬಿಸಿದ್ದು

ಕೆಮ್ಮಣ್ಣು ಒಂದು ಟ್ರಾಕ್ಟರ್ ಲೋಡು, 2,200. ಮಡಿಗೆ ಬೇಕಿದ್ದದ್ದು ಐವತ್ತನಾಲ್ಕು ಘನ ಅಡಿ, ಉಳಿದದ್ದನ್ನು ಹಿತ್ತಿಲಲ್ಲಿ ಟಾರ್ಪಾಲ್ ಹೊದಿಸಿ ಇಟ್ಟೆ. ಕೊಟ್ಟಿಗೆ ಗೊಬ್ಬರ ಹತ್ತು ಚೀಲ, ಚೀಲಕ್ಕೆ 80. ತಂದುಕೊಟ್ಟವನು "ವರ್ಷದ ಗೊಬ್ಬರ ಕಣಕ್ಕ" ಅಂದ. ಚೀಲದೊಳಗೆ ಕೈ ಹಾಕಿದರೆ ಬೆಚ್ಚಗಿತ್ತು, ಹುಲ್ಲು ಹುಲ್ಲಾಗೇ ಕಾಣುತ್ತಿತ್ತು, ಗಂಜಲದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಎಲ್ಲ ಗೊತ್ತಾಗಿಯೂ ಅವತ್ತೇ ಸುರಿದು ಬೆರೆಸಿದೆ. ಮಳೆ ಬರೋ ಹಾಗಿದೆ, ಬೇಗ ಬಿತ್ತಬೇಕು ಅನ್ನೋ ಆತುರ. ಬೆರೆಸುವಾಗ ಸಿಕ್ಕಿದ ಗೊಣ್ಣೆಹುಳು 31. ಪಕ್ಕದ ಮನೆ ಕೋಳಿಗೆ ಹಾಕಿದೆ. ಆ ಕೋಳಿಗಳು ನಮ್ಮ ಓಣಿಯ ದಾರಿ ಕಲಿತದ್ದು ಆವತ್ತೇ.

ಜೂನ್ 14. ಮೊದಲ ಬಿತ್ತನೆ

ದಂಟು, ಮೆಂತ್ಯ, ಕೊತ್ತಂಬರಿ, ಪಾಲಕ್. ಆಮೇಲೆ ಕೊಂಡದ್ದೂ ಸೇರಿ ಮೊದಲ ಸುತ್ತಿನ ಬೀಜ, ಸಸಿಗೆ 185.

ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಬರಿಗೈಯಲ್ಲಿ ಎರಚಿದೆ. ಒಂದು ಕಡೆ ಗುಪ್ಪೆ, ಇನ್ನೊಂದು ಕಡೆ ಬೋಳು. ಮಾರನೇ ದಿನ ಮಧ್ಯಾಹ್ನ ನೋಡಿದರೆ ಇರುವೆ ಸಾಲು ಕಟ್ಟಿಕೊಂಡು ಬೀಜ ಹೊತ್ತುಕೊಂಡು ಗೋಡೆ ಬುಡದ ಬಿರುಕಿನೊಳಗೆ ಹೋಗುತ್ತಿದೆ. ಒಂದೊಂದು ಇರುವೆ ಬಾಯಲ್ಲಿ ಒಂದೊಂದು ಕರಿ ಚುಕ್ಕೆ. ನಾನು ದುಡ್ಡು ಕೊಟ್ಟ ಬೀಜ, ಕಣ್ಣೆದುರೇ ಮೆರವಣಿಗೆ.

ಕೊತ್ತಂಬರಿಗೆ ಅಡುಗೆಮನೆ ಡಬ್ಬಿಯ ಧನಿಯಾ ಹಾಕಿದ್ದೆ. ಹದಿನೆಂಟು ದಿನ ಕಾದೆ, ಒಂದೂ ಮೊಳೆಯಲಿಲ್ಲ. ಅದು ಹಿಂದಿನ ವರ್ಷದ ಡಬ್ಬಿ, ಮೇಲಾಗಿ ಸಾರಿನ ಪುಡಿಗೆ ಅಂತ ಬೆಚ್ಚಗೆ ಮಾಡಿಟ್ಟದ್ದು ಅಂತ ಆಮೇಲೆ ನೆನಪಾಯಿತು.

ಮೆಂತ್ಯ ನಾಲ್ಕೇ ದಿನಕ್ಕೆ ಎದ್ದಿತು. ಪಾಲಕ್, ಅಳಿದುಳಿದ ದಂಟು ಎರಡೆಲೆ ಬಿಟ್ಟು ನಿಂತವು. ಹತ್ತನೇ ದಿನದಿಂದ ಎಲೆಯಂಚು ಕಂದಿ ಒಣಗೋಕೆ ಶುರು. ಕಿತ್ತು ನೋಡಿದರೆ ಬೇರಿನ ತುದಿ ಕಂದು. ಊರಿಂದ ಬಂದಿದ್ದ ಅತ್ತೆ ಒಂದು ಹಿಡಿ ಮಣ್ಣೆತ್ತಿ ಮೂಸಿ, "ಕೈಗೆ ಬಿಸಿ ತಾಗೋ ಗೊಬ್ಬರ ಗಿಡುಕ್ಕೂ ತಾಗ್ತದೆ ಕಣವ್ವ" ಅಂದು ಕೈ ಕೊಡವಿದರು. ಅಷ್ಟೇ ಪರೀಕ್ಷೆ. ಬಿಸಿ ಇಳಿಯೋವರೆಗೆ ಮಡಿ ಖಾಲಿ ಬಿಟ್ಟು ವಾರಕ್ಕೊಮ್ಮೆ ನೀರು ಚಿಮುಕಿಸಿ ತಿರುವಿ ಹಾಕಿದೆ. ಐದು ವಾರ ಹೋಯಿತು.

ಜುಲೈ. ಹೊಲಿದ ಚೀಲಗಳು

ಸುಮ್ಮನೆ ಕೂರೋಕಾಗದೆ ಮಾಡಿದ ಕೆಲಸ ಇದು. ಅಂಗಡಿಯ ಗ್ರೋ ಬ್ಯಾಗ್ ಯಾಕೆ ಕೊಳ್ಳಬೇಕು, ಮಿಷನ್ ಮನೆಯಲ್ಲೇ ಇದೆ, ಇಪ್ಪತ್ತೈದು ಕೆ.ಜಿ. ಅಕ್ಕಿ ಚೀಲ ರಾಶಿ ಬಿದ್ದಿದೆ. ತಳ ಕತ್ತರಿಸಿ ಹನ್ನೆರಡು ಇಂಚಿನ ದುಂಡು ತಳ ಕೂರಿಸಿ, ಬಾಯಿ ಎರಡು ಸಲ ಮಡಿಚಿ ಹೊಲಿದೆ. 16ನೇ ನಂಬರ್ ಸೂಜಿ ಎರಡು ಮುರಿದವು. 18ಕ್ಕೆ ಬದಲಾಯಿಸಿದ ಮೇಲೆ ಒಂದು ಮುರಿದರೂ ಕೆಲಸ ನಡೆಯಿತು. ಆರು ಚೀಲ. ನಾಲ್ಕನ್ನು ಸುಮ್ಮನೆ ಬಿದ್ದಿದ್ದ ಕಾಟನ್ ದಾರದಲ್ಲಿ, ಅದು ಮುಗಿದ ಮೇಲೆ ಎರಡನ್ನು ಪಾಲಿಯೆಸ್ಟರ್ ದಾರದಲ್ಲಿ ಹೊಲಿದೆ. ಮೂರರಲ್ಲಿ ಟೊಮ್ಯಾಟೊ, ಮೂರರಲ್ಲಿ ಮೆಣಸಿನ ಸಸಿ.

ಸೆಪ್ಟೆಂಬರ್ ಕೊನೆಗೆ ಒಂದು ಟೊಮ್ಯಾಟೊ ಚೀಲವನ್ನು ಬಿಸಿಲಿಗೆ ಸರಿಸೋಣ ಅಂತ ಎತ್ತಿದೆ. ತಳ ಅಲ್ಲೇ ಉಳಿಯಿತು, ಚೀಲ ಮಾತ್ರ ಕೈಗೆ ಬಂತು. ಒಂಬತ್ತು ಹಸಿ ಕಾಯಿ ಇದ್ದ ಗಿಡ ಮಣ್ಣು ಸಮೇತ ಕಾಲ ಮೇಲೆ. ಮಣ್ಣಿನ ತೇವಕ್ಕೆ ಕಾಟನ್ ದಾರ ಕೊಳೆತು ಹೋಗಿತ್ತು. ಪಾಲಿಯೆಸ್ಟರ್ ಹೊಲಿಗೆ ಗಟ್ಟಿಯಾಗೇ ಇತ್ತು, ಆದರೆ ಅಲ್ಲಿ ಚೀಲದ ಬಟ್ಟೆಯೇ ಹೋಗಿತ್ತು. ಬಿಸಿಲು ಬಿದ್ದ ಪಕ್ಕವನ್ನು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿ. ಸಣ್ಣ ಸಣ್ಣ ಪ್ಲಾಸ್ಟಿಕ್ ಎಳೆ ಮಣ್ಣಲ್ಲೆಲ್ಲ ಬೆರೆತು ಈಗಲೂ ಸಿಗುತ್ತಿವೆ. ಅಕ್ಕಿ ಚೀಲ ನೆರಳಲ್ಲಿ ಅಕ್ಕಿ ಇಡೋಕೆ ಮಾಡಿದ್ದು, ವರ್ಷವಿಡೀ ಬಿಸಿಲು ತಿನ್ನೋಕಲ್ಲ. ಯಾರಾದರೂ ಮಾಡೋ ಯೋಚನೆ ಇದ್ದರೆ ಬೇಡಿ.

ಆಗಸ್ಟ್ 10. ಎರಡನೇ ಬಿತ್ತನೆ, ಆಮೇಲೆ ಬೂದಿ

ಈ ಸಲ ದಂಟಿಗೆ ಅರ್ಕಾ ಸುಗುಣ ಬೀಜ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಕಿತ್ತುಹಾಕದೆ ಮತ್ತೆ ಮತ್ತೆ ಕೊಯ್ಯಬಹುದು, ಬಿತ್ತಿದ 25ರಿಂದ 30 ದಿನಕ್ಕೆ ಮೊದಲ ಕುಯ್ಲು. ಪಾಲಕ್ಕಿಗೂ ಅವರದೇ ಅರ್ಕಾ ಅನುಪಮ. ಇರುವೆಗೆ ಅತ್ತೆಯ ಉಪಾಯ: ಬಿತ್ತಿದ ದಿನವೇ ಮಡಿಯ ಅಂಚಿಗೆ ಒಂದು ಹಿಡಿ ರವೆ ಉದುರಿಸೋದು. ಇರುವೆ ಹತ್ತಿರದ ಊಟ ಬಿಟ್ಟು ದೂರ ಹೋಗಲ್ಲ. ಮೂರು ದಿನ ರವೆ ಹೊತ್ತವು, ಅಷ್ಟರಲ್ಲಿ ದಂಟು ಮೊಳೆತಿತ್ತು.

ಗಿಡ ಚೆನ್ನಾಗೇ ಬರುತ್ತಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನೋ ಗಾದೆ ನನಗೇ ಮಾಡಿದ್ದು. ನೆಂಟರ ಆಲೆಮನೆಯಿಂದ ಒಂದು ಚೀಲ ಕಬ್ಬಿನ ಸಿಪ್ಪೆಯ ಬೂದಿ ಬಂದಿತ್ತು. ಬೂದಿ ಹುಳಕ್ಕೆ ಒಳ್ಳೇದು, ಗಿಡಕ್ಕೂ ಒಳ್ಳೇದು ಅಂತ ಎಲ್ಲರೂ ಹೇಳ್ತಾರಲ್ಲ. ಎಷ್ಟು ಅಂತ ಯಾರೂ ಹೇಳಲ್ಲ. ಆಗಸ್ಟ್ 24ಕ್ಕೆ ಐವತ್ತನಾಲ್ಕು ಚದರಡಿಗೆ ನಾಲ್ಕು ಕೆ.ಜಿ. ಎರಚಿದೆ. ನೀರು ಬೋರ್‌ವೆಲ್ಲಿನದು, ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟೋ ಗಡಸು ನೀರು. ಹನ್ನೆರಡು ದಿನಕ್ಕೆ ಹೊಸ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಎದುರು ಮನೆಯ ಹುಡುಗ ಕಾಲೇಜಿನ ಪಿಎಚ್ ಕಾಗದ ತಂದುಕೊಟ್ಟ, ಹುಳಿಯೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸೋದು, ಏಳರ ಮೇಲೆ ಹೋದರೆ ಕ್ಷಾರ. ಮಣ್ಣು ಕಲಸಿದ ನೀರಲ್ಲಿ ಅದ್ದಿದರೆ 8.5ರ ಬಣ್ಣಕ್ಕೆ ತಿರುಗಿತು. ಬೂದಿ ಕ್ಷಾರ, ಆ ನೀರೂ ಕ್ಷಾರ. ಮಣ್ಣಿನ ಕ್ಷಾರ ಏರಿದರೆ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕೋದಿಲ್ಲ, ಅದಕ್ಕೇ ಆ ಹಳದಿ.

ಮೇಲಿನ ಒಂದಿಂಚು ಮಣ್ಣು ಕೆರೆದು ತೆಗೆದೆ. ಬೋರ್ ನೀರು ನಿಲ್ಲಿಸಿ ನಲ್ಲಿಯ ಕಾವೇರಿ ನೀರು, ಅಡುಗೆಮನೆಯ ಕಲಗಚ್ಚು ಹಾಕಿದೆ. ಸೆಪ್ಟೆಂಬರ್ 22ಕ್ಕೆ ಮೊದಲ ಕುಯ್ಲು, ಏಳು ಕಟ್ಟು. 30 ದಿನದ ಸೊಪ್ಪು 43 ದಿನಕ್ಕೆ. ಅವತ್ತಿನ ಬಸ್ಸಾರಿಗೆ ಮಾತ್ರ ಯಾರೂ ಹೆಸರಿಡಲಿಲ್ಲ.

ಅಕ್ಟೋಬರ್ 11, ರಾತ್ರಿ

ಮಳೆ. ಹತ್ತಕ್ಕೆ ಹಿಡಿದದ್ದು ಬೆಳಗಿನ ಜಾವದವರೆಗೂ ಬಿಡಲಿಲ್ಲ.

ಅಕ್ಟೋಬರ್ 12ರಿಂದ 17

ಬೆಳಿಗ್ಗೆ ಕಿಟಕಿ ತೆಗೆದರೆ ಮಡಿಯ ತುಂಬ ನೀರು, ನೀರಿನ ಮೇಲೆ ದಂಟಿನ ತಲೆ. ನಾಟಿ ಹಾಕೋದೊಂದು ಬಾಕಿ. ಚೊಂಬಿನಲ್ಲಿ ಮೊಗೆದು ಮೊಗೆದು ಹಾಕಿದೆ, ಪಕ್ಕದ ಮಣ್ಣಿಂದ ಒಸರಿ ಮತ್ತೆ ತುಂಬಿತು. ನೀರು ಪೂರ್ತಿ ಇಳಿಯೋಕೆ ಎರಡೂವರೆ ದಿನ. ಪಾಲಕ್ಕಿನ ಬುಡ ಲೋಳೆಯಾಗಿ, ಎಲೆ ಹಿಡಿದರೆ ಬೇರು ಬಿಟ್ಟು ಬರುತ್ತಿತ್ತು. ದಂಟು ನಿಂತಲ್ಲೇ ಬಾಡಿತು. ನೀರಲ್ಲಿ ನಿಂತು ನೀರಿಲ್ಲದ ಗಿಡದ ಹಾಗೆ ಬಾಡೋದು ನೋಡೋಕೆ ವಿಚಿತ್ರ, ಆದರೆ ಬೇರಿಗೆ ಗಾಳಿಯಿಲ್ಲದಿದ್ದರೆ ನೀರು ಎಳೆಯೋ ಶಕ್ತಿಯೇ ಇರಲ್ಲ. 17ಕ್ಕೆ ಎಲ್ಲ ಕಿತ್ತೆ.

ಅತ್ತೆ ಫೋನಿನಲ್ಲೇ ಅಂದರು: "ಅದು ಗದ್ದೆ ನೆಲ ಕಣವ್ವ. ನೀರು ಕೆಳೀಕೆ ಇಳೀಬಾರ್ದು ಅಂತಾನೇ ವರ್ಸ ವರ್ಸ ಕೆಸ್ರು ತುಳ್ದು ಮಾಡಿರದು. ನೀನು ಅದ್ರೊಳ್ಗೆ ತೊಟ್ಟಿ ತೋಡಿ ಸೊಪ್ಪಾಕಿದೀಯ."

ತೊಟ್ಟಿ. ಅದೇ ಸರಿಯಾದ ಮಾತು. ಕನ್ನಂಬಾಡಿ ಕಟ್ಟೆಯ ನಾಲೆ ನೀರು ಬಂದ ಮೇಲೆ ಈ ಕಡೆಯೆಲ್ಲ ಗದ್ದೆ, ಕಬ್ಬು. ಭತ್ತಕ್ಕೆ ಅಂತ ಪ್ರತಿ ಸಲ ಕೆಸರು ಮಾಡಿ ಉಳುಮೆ ಮಾಡಿದಾಗ, ಉತ್ತ ಮಣ್ಣಿನ ಕೆಳಗೆ ಒಂದು ಗಟ್ಟಿ ಪದರ ಕೂರುತ್ತೆ. ನೀರು ಅದರ ಮೇಲೆ ನಿಲ್ಲುತ್ತೆ, ಅದಕ್ಕೇ ಭತ್ತ ಬರುತ್ತೆ. ಬಡಾವಣೆ ಆಗಿ ಎಷ್ಟೋ ವರ್ಷವಾದರೂ ನೆಲಕ್ಕೆ ಅದು ಗೊತ್ತಿಲ್ಲ. ನಾನು ಆ ಜೇಡಿಯಲ್ಲಿ ಒಂದಡಿ ಗುಂಡಿ ತೋಡಿ, ಅದರೊಳಗೆ ಸಡಿಲ ಕೆಮ್ಮಣ್ಣು ತುಂಬಿದ್ದೆ. ಸುತ್ತಲಿನ ನೀರೆಲ್ಲ ಸಡಿಲ ಮಣ್ಣು ಹುಡುಕಿಕೊಂಡು ಅಲ್ಲಿಗೇ ಬಂದು ನಿಂತಿತು.

ಇನ್ನೂ ಒಂದು ಬಾಕಿ ಇತ್ತು. ಆ ವಾರವೇ ಒಬ್ಬ ಗಿರಾಕಿ ದೀಪಾವಳಿ ಬ್ಲೌಸ್ ಕೊಡೋಕೆ ಬಂದು "ಜೂನಲ್ಲಿ ಹೊಲಿದ್ರಲ್ಲ, ಅದೇ ಅಳತೆ ಇರಲಿ" ಅಂದರು. ಪುಸ್ತಕ ತಿರುವಿದೆ. ತೋಳುದ್ದ 5½. ಅದರ ಮೇಲೆ, ನನ್ನದೇ ಕೈಬರಹದಲ್ಲಿ, 12, 9, 5. ನೀರು ಇಳಿಯಲ್ಲ ಅಂತ ಜೂನ್ 2ರ ಬಕೆಟ್ ಲೆಕ್ಕ ಆಗಲೇ ಹೇಳಿತ್ತು, ಅಳತೆಗಳ ನಡುವೆ ಹೂತುಹೋಗಿತ್ತು.

ನವೆಂಬರ್ 3. ಮತ್ತೆ ಅಗೆತ

ಆಳು ಒಂದು ದಿನ, 750. ಹಳೇ ಮಣ್ಣನ್ನೆಲ್ಲ ಪಕ್ಕಕ್ಕೆ ಎತ್ತಿಸಿ ತೊಟ್ಟಿಯ ತಳ ಕಾಣಿಸಿದೆ. ಯೋಚನೆ ಸರಳ: ತಳದಲ್ಲಿ ಪೈಪು, ಪೈಪಿನ ಮೇಲೆ ಇಟ್ಟಿಗೆ ಚೂರು, ಆಮೇಲೆ ಮಣ್ಣು, ಮತ್ತೆ ನೆಲದ ಮಟ್ಟದಿಂದ ಮೇಲಕ್ಕೆ ಎಂಟು ಇಂಚು ಕಟ್ಟೆ. ನೀರು ಬಂದರೆ ಪೈಪಿನಿಂದ ಗೇಟಿನ ಪಕ್ಕದ ಚರಂಡಿಗೆ. ನಮ್ಮ ಚರಂಡಿ ಒಂದೂವರೆ ಅಡಿ ಆಳ ಇರೋದರಿಂದ ಇದು ಸಾಧ್ಯವಾಯಿತು. ಚರಂಡಿ ಮೇಲಿದ್ದಿದ್ದರೆ ಬೇರೆ ದಾರಿ ಹುಡುಕಬೇಕಿತ್ತು.

ನವೆಂಬರ್ 5. ಪೈಪು

ಮೂರು ಇಂಚಿನ ಪಿವಿಸಿ, ಇಪ್ಪತ್ತಡಿ, 780. ಅರ್ಧ ಅಡಿಗೊಂದು ಜೋಡಿ ತೂತು, ಎಂಟು ಎಂಎಂ ಡ್ರಿಲ್ ಬಿಟ್ಟಿನಲ್ಲಿ. ಮಣ್ಣು ಒಳಗೆ ಹೋಗದಿರಲಿ ಅಂತ ಶೇಡ್‌ನೆಟ್ಟಿನಲ್ಲಿ ಇಪ್ಪತ್ತಡಿ ಉದ್ದದ ತೋಳು ಹೊಲಿದೆ. ಸುತ್ತಳತೆ ಹನ್ನೊಂದು ಇಂಚು, ಹೊಲಿಗೆಗೆ ಅರ್ಧ ಇಂಚು ಬಿಟ್ಟೆ. ಇಷ್ಟುದ್ದದ ತೋಳು ಹಿಂದೆಂದೂ ಹೊಲಿದಿಲ್ಲ. ಮೂರು ಮಡಿಕೆ ಬಂದ ಕಡೆ ಜೋರಾಗಿ ಓಡಿಸಿ ಎರಡು ಸೂಜಿ ಮುರಿದೆ. ಪಾಲಿಯೆಸ್ಟರ್ ದಾರವೇ, ಈ ಸಲ.

ತೂತು ಮೇಲ್ಮುಖವಾಗಿ ಇಟ್ಟಿದ್ದೆ. ನೀರು ಮೇಲಿಂದ ತಾನೇ ಬರೋದು? ಪಕ್ಕದ ಬೀದಿಯ ಪ್ಲಂಬರ್ ಒಬ್ಬರು ಬ್ಲೌಸ್ ತೆಗೆದುಕೊಂಡು ಹೋಗೋಕೆ ಹೆಂಡತಿ ಜೊತೆ ಬಂದವರು ನೋಡಿ ನಕ್ಕರು. ತೂತು ಕೆಳಮುಖ ಇರಬೇಕಂತೆ. ನೀರು ಮೊದಲು ತಳದಲ್ಲಿ ತುಂಬಿ, ಮೇಲಕ್ಕೆ ಏರುತ್ತಾ ಪೈಪಿನೊಳಗೆ ಹೋಗುತ್ತೆ, ಕೆಸರು ಕೆಳಗೇ ಉಳಿಯುತ್ತೆ. ಮೇಲ್ಮುಖ ಇಟ್ಟರೆ ಮಣ್ಣು ನೇರ ತೂತಿಗೆ. ಮುಚ್ಚೋ ಮೊದಲೇ ಹೇಳಿದ್ದಕ್ಕೆ ಪೈಪನ್ನು ತಿರುಗಿಸಿದರೆ ಸಾಕಾಯಿತು. ಅವರ ಹೆಂಡತಿಯ ಬ್ಲೌಸಿಗೆ ಹುಕ್ಕಿನ ದುಡ್ಡು ತೆಗೆದುಕೊಳ್ಳಲಿಲ್ಲ.

ಇಳಿಜಾರು ಇಪ್ಪತ್ತಡಿಗೆ ಮೂರು ಇಂಚು. ಗಾರೆಯವರ ಹತ್ತಿರ ನೀರಿನ ಟ್ಯೂಬು ಎರವಲು ತಂದು ಮಟ್ಟ ನೋಡಿದೆ. ಪೈಪು ಕೂರಿಸಿ ಮೇಲಿನ ತುದಿಗೆ ಒಂದು ಬಕೆಟ್ ಸುರಿದರೆ ಗೇಟಿನ ಕಡೆ ಹೋಗೋ ಬದಲು ನನ್ನ ಕಾಲ ಬುಡಕ್ಕೇ ವಾಪಸ್ ಬಂತು. ಟ್ಯೂಬಿನ ನಡುವೆ ಹೆಬ್ಬೆರಳಷ್ಟು ಗಾಳಿಗುಳ್ಳೆ ಕೂತಿತ್ತು, ಅದರಿಂದ ಎರಡೂ ತುದಿಯ ಲೆಕ್ಕ ಸುಳ್ಳು. ಟ್ಯೂಬನ್ನು ಒಂದು ತುದಿಯಿಂದ ಎತ್ತಿ ಗುಳ್ಳೆ ಪೂರ್ತಿ ಹೊರಡಿಸಿ ಮತ್ತೆ ಅಳೆದು, ಪೈಪು ಎತ್ತಿ ತಳ ಕೆರೆದು ಮತ್ತೆ ಇಟ್ಟದ್ದು. ಸಂಜೆ ಆಯಿತು, ಫಾಲ್ ಹಾಕೋ ಮೂರು ಸೀರೆ ಮಾರನೇ ದಿನಕ್ಕೆ ಹೋದವು.

ನವೆಂಬರ್ 8, 9. ತುಂಬಿಸಿದ್ದು, ಎರಡನೇ ಸಲ

ಮೇ ತಿಂಗಳ ಇಟ್ಟಿಗೆ ಚೂರಿನ ಗುಡ್ಡೆ ಈಗ ಉಪಯೋಗಕ್ಕೆ ಬಂತು. ಸುತ್ತಿಗೆಯಲ್ಲಿ ಒಂದೆರಡು ಇಂಚಿನ ತುಂಡು ಮಾಡಿ, ಪುಡಿ ಜರಡಿ ಹಿಡಿದು ತೆಗೆದು, ಪೈಪಿನ ಸುತ್ತ ಆರು ಇಂಚು ಹಾಕಿದೆ. ಸಿಮೆಂಟು ಉಂಡೆ ಮಾತ್ರ ಆರಿಸಿ ಬಿಸಾಕಿದೆ, ಅದೂ ಕ್ಷಾರವೇ. ಮೇಲೆ ಉಳಿದ ಶೇಡ್‌ನೆಟ್ ಒಂದು ಪದರ, ಅದರ ಮೇಲೆ ಹಳೇ ಮಣ್ಣು ಆರು ಇಂಚು, ನೆಲದ ಮಟ್ಟಕ್ಕೆ.

ಕಟ್ಟೆಗೆ ನಾಲ್ಕು ಇಂಚು ದಪ್ಪದ ಸಾಲಿಡ್ ಬ್ಲಾಕು, ಹದಿನಾರು ಇಂಚು ಉದ್ದ, ಎಂಟು ಎತ್ತರ. ಸುತ್ತಳತೆ 42 ಅಡಿ, ಅಂದರೆ 504 ಇಂಚು, ಹದಿನಾರರಿಂದ ಭಾಗಿಸಿದರೆ ಮೂವತ್ತೊಂದೂವರೆ. 32 ತರಿಸಿದೆ, 36ರಂತೆ 1,152, ಆಟೊ ಬಾಡಿಗೆ 300. ಸಿಮೆಂಟು ಹಾಕದೆ ಸುಮ್ಮನೆ ಜೋಡಿಸಿದ್ದು. ಒಂದು ಸಾಲಿಗೆ ಅಷ್ಟು ಸಾಕು, ಸಂದಿಯಲ್ಲಿ ನೀರೂ ಇಳಿಯುತ್ತೆ.

ಒಳಗೆ ಹಿಡಿಯೋದು ಇಪ್ಪತ್ತೇಳು ಘನ ಅಡಿ. ನಮ್ಮ ಬಾಂಡ್ಲಿಗೆ ಅರ್ಧ ಘನ ಅಡಿ ಲೆಕ್ಕ. ಹಿತ್ತಿಲಲ್ಲಿ ಉಳಿದಿದ್ದ ಕೆಮ್ಮಣ್ಣು 30 ಬಾಂಡ್ಲಿ, ಗೊಬ್ಬರ 15, ಜರಡಿ ಹಿಡಿದ ಮರಳು 10, ಬೇವಿನ ಹಿಂಡಿ ಎರಡು ಕೆ.ಜಿ. ಗೊಬ್ಬರ ಬೇರೆ ಕಡೆಯಿಂದ ತಂದದ್ದು, ಎಂಟು ಚೀಲ, ಚೀಲಕ್ಕೆ 100. ದುಡ್ಡು ಕೊಡೋ ಮೊದಲು ಮೂರು ಚೀಲ ಬಿಚ್ಚಿಸಿ ಮೊಣಕೈವರೆಗೆ ಕೈ ಹಾಕಿದೆ. ತಣ್ಣಗಿತ್ತು, ಹುಲ್ಲಿನ ಗುರುತಿರಲಿಲ್ಲ, ಮೊದಲ ಮಳೆ ಬಿದ್ದ ನೆಲದ ವಾಸನೆ. ಮಾರೋನು ನನ್ನನ್ನು ಅನುಮಾನದಿಂದ ನೋಡುತ್ತಿದ್ದ. ನೋಡಲಿ. ಬೂದಿ ಒಂದು ಚಿಟಿಕೆಯೂ ಇಲ್ಲ.

ಒಂದು ವಾರ ನೀರು ಹಾಕಿ ಮಣ್ಣು ಕೂರೋಕೆ ಬಿಟ್ಟು 16ಕ್ಕೆ ಮತ್ತೆ ಬಕೆಟ್ ಪರೀಕ್ಷೆ. ಎಂಟು ಇಂಚಿನ ಗುಂಡಿ ಹದಿನಾಲ್ಕು ನಿಮಿಷಕ್ಕೆ ಖಾಲಿ. ಐದು ಬಕೆಟ್ ಒಟ್ಟಿಗೆ ಸುರಿದರೆ ಇಪ್ಪತ್ತು ನಿಮಿಷದಲ್ಲಿ ಪೈಪಿನ ಬಾಯಲ್ಲಿ ದಾರದಷ್ಟು ನೀರು ಶುರುವಾಯಿತು. ಮೊದಲು ಕೆಂಪು, ಆಮೇಲೆ ತಿಳಿ. ಚರಂಡಿ ಪಕ್ಕ ಕೂತು ಅದು ನಿಲ್ಲೋವರೆಗೂ ನೋಡಿದೆ.

ನವೆಂಬರ್ 22. ಬಿತ್ತನೆ

ಕಟಿಂಗ್ ಮೇಜಿನ ಮರದ ಸ್ಕೇಲನ್ನು ಮಣ್ಣಿಗೆ ಅಂಚಿನಿಂದ ಒತ್ತಿದರೆ ಅರ್ಧ ಇಂಚಿನ ನೇರ ಗೆರೆ ಬೀಳುತ್ತೆ. ಮೆಂತ್ಯ, ಕೊತ್ತಂಬರಿ ಆ ಗೆರೆಯೊಳಗೆ, ಸಾಲಿಂದ ಸಾಲಿಗೆ ನಾಲ್ಕು ಇಂಚು. ದಂಟಿಗೆ ಬರೀ ಗುರುತು ಸಾಕು, ಆಳ ಹೋದರೆ ಮೇಲೆ ಬರೋಲ್ಲ. ಒಂದು ಚಮಚ ಬೀಜಕ್ಕೆ ಒಂದು ಲೋಟ ಒಣ ಮರಳು ಬೆರೆಸಿ ಉದುರಿಸಿದೆ. ಧನಿಯಾ ಹೊಸದು, ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ರಾತ್ರಿ ನೆನೆಸಿದ್ದು. ಎಲ್ಲದರ ಮೇಲೆ ಜರಡಿ ಹಿಡಿದ ಗೊಬ್ಬರ ತೆಳ್ಳಗೆ, ಅದರ ಮೇಲೆ ಭತ್ತದ ಹುಲ್ಲು. ಅಂಚಿಗೆ ರವೆ. ಈ ಸುತ್ತಿನ ಬೀಜಕ್ಕೆ 240.

ಮೆಂತ್ಯ ನಾಲ್ಕನೇ ದಿನ, ದಂಟು ಆರನೇ ದಿನ, ಪಾಲಕ್ ಎಂಟನೇ ದಿನ, ಕೊತ್ತಂಬರಿ ಹನ್ನೊಂದನೇ ದಿನ. ಮೊಳಕೆ ಕಂಡ ಸಂಜೆಯೇ ಹುಲ್ಲು ತೆಗೆದೆ. ಒಂದು ದಿನ ತಡವಾದ ಕಡೆ ಮೊಳಕೆ ಬೆಳ್ಳಗೆ ಉದ್ದವಾಗಿ ಮಲಗಿಬಿಟ್ಟವು.

ಡಿಸೆಂಬರ್ 4ಕ್ಕೆ ಕೋಳಿಗಳು ಬಂದವು. ಜೂನಿನ ಗೊಣ್ಣೆಹುಳು ಅವು ಮರೆತಿರಲಿಲ್ಲ. ಎರಡಡಿ ದಂಟು ಕೆದರಿ ಮಣ್ಣು ಪಾಲು. ಬ್ಲಾಕಿನ ಸಂದಿಗೆ ಬಿದಿರು ಕಡ್ಡಿ ಸಿಕ್ಕಿಸಿ ಶೇಡ್‌ನೆಟ್ಟನ್ನು ಸುತ್ತ ಎರಡಡಿ ಎತ್ತರಕ್ಕೆ ಕಟ್ಟಿದೆ. ಪೈಪಿಗೆ ಬಳಸಿದ್ದೂ ಸೇರಿ ನೆಟ್ಟಿಗೆ 600. ತಲೆ ಮೇಲೆ ಮುಚ್ಚಲಿಲ್ಲ, ಇರೋ ಐದೂವರೆ ಗಂಟೆ ಬಿಸಿಲೂ ಹೋದರೆ ಏನು ಬೆಳೆಯೋದು.

ಡಿಸೆಂಬರ್ 19. ಕುಯ್ಲು

ಮೆಂತ್ಯ 27 ದಿನಕ್ಕೆ, ಬೇರು ಸಮೇತ ಕಿತ್ತದ್ದು. ದಂಟು ಚಳಿಗೆ ನಿಧಾನ, 36 ದಿನ. ನೆಲದಿಂದ ಮೂರು ಇಂಚು ಬಿಟ್ಟು, ಎರಡು ಗಣ್ಣು ಉಳಿಯೋ ಹಾಗೆ ಬಟ್ಟೆ ಕತ್ತರಿಯಲ್ಲೇ ಕತ್ತರಿಸಿದೆ. ಆಮೇಲೆ ಆ ಕತ್ತರಿ ಲೈನಿಂಗ್ ಬಟ್ಟೆ ಅಗಿಯೋಕೆ ಶುರುಮಾಡಿತು, ಸಾಣೆಗೆ 40 ರೂಪಾಯಿ. ಅದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ. ಗಣ್ಣಿನಿಂದ ಎರಡೆರಡು ಕುಡಿ ಒಡೆದು ಎರಡನೇ ಕುಯ್ಲು ಹದಿನೈದು ದಿನಕ್ಕೇ ಬಂತು.

ಅವರೆಕಾಯಿ ಕಾಲ. ಅವರೆಕಾಳು ಹಾಕಿ ದಂಟಿನ ಬಸ್ಸಾರು, ಮುದ್ದೆ. ಮೆಂತ್ಯ ಚಪಾತಿಗೆ, ಪಾಲಕ್ ಮಸ್ಸೊಪ್ಪಿಗೆ. ಜನವರಿ 25ರವರೆಗೆ ಒಟ್ಟು 61 ಕಟ್ಟು. ಕಟ್ಟಿಗೆ ಹದಿನೈದು ಅಂತ ಹಿಡಿದರೂ 915 ರೂಪಾಯಿ. ಮೊದಲ ಸಲದ ಖರ್ಚು 4,685, ಎರಡನೇ ಸಲದ್ದು 5,142, ಅದರಲ್ಲಿ ಮರಳು ಆರು ಚೀಲಕ್ಕೆ 420, ಹಿಂಡಿಗೆ 100. ಕಟ್ಟಿಗೆ ಎಷ್ಟು ಬಿತ್ತು ಅನ್ನೋ ಭಾಗಾಕಾರವನ್ನು ನಮ್ಮವರು ಊಟದ ಮಧ್ಯೆ ಮಾಡಿ ಹೇಳಿದರು. ಎರಡನೇ ಸಲ ಸಾರು ಬಡಿಸೋಕೆ ನಾನು ಸ್ವಲ್ಪ ತಡ ಮಾಡಿದೆ.

ಜನವರಿ 25. ಆಗದೆ ಉಳಿದಿರೋದು

ಬದನೆ. ಮೈಸೂರಿನ ಅಕ್ಕ ಈರನಗೆರೆ ಬದನೆಯ ಬೀಜ ಕೊಟ್ಟಿದ್ದಳು, ವಾಂಗಿಬಾತಿಗೆ ಅದೇ ಬೇಕು ಅಂತ ಹಟ ಹಿಡಿಯೋ ಹಸಿರು ಬದನೆ. ಅಕ್ಟೋಬರ್ ಕೊನೆಗೆ ಪೇಪರ್ ಲೋಟದಲ್ಲಿ ಸಸಿ ಮಾಡಿ, ಡಿಸೆಂಬರ್ 1ಕ್ಕೆ ಗೇಟಿನ ಕಡೆಯ ತುದಿಯಲ್ಲಿ ನಾಲ್ಕು ನೆಟ್ಟೆ. ಹೂ ಬಿಡೋ ಹೊತ್ತಿಗೆ ಎರಡು ಗಿಡದ ಕುಡಿ ತಲೆ ಬಗ್ಗಿಸಿದವು. ಬಾಡಿದ ಕುಡಿಯನ್ನು ಎರಡು ಇಂಚು ಕೆಳಗೆ ಕತ್ತರಿಸಿ ಸೀಳಿದರೆ ಒಳಗೆ ತಿಳಿಗೆಂಪು ಹುಳು, ಹಿಂದೆ ತುಂಬ ಹಿಕ್ಕೆ. ಕುಡಿಕೊರಕ, ಕಾಯಿ ಬಿಟ್ಟರೆ ಇದೇ ಕಾಯಿಯನ್ನೂ ಕೊರೆಯುತ್ತೆ. ಬೇವಿನೆಣ್ಣೆ ಲೀಟರಿಗೆ ಐದು ಎಂಎಲ್, ನಾಲ್ಕು ಹನಿ ಸೋಪಿನ ನೀರು ಸೇರಿಸಿ ವಾರಕ್ಕೊಮ್ಮೆ ಸಂಜೆ ಹೊಡೆಯುತ್ತಿದ್ದೇನೆ. ಒಳಗೆ ಸೇರಿದ ಹುಳಕ್ಕೆ ಅದು ತಾಗೋದೇ ಇಲ್ಲ, ಹೊಸದಾಗಿ ಮೊಟ್ಟೆ ಇಡೋದು ಕಡಿಮೆಯಾದರೆ ಸಾಕು. ಬಾಡಿದ ಕುಡಿ ಕಂಡ ತಕ್ಷಣ ಕತ್ತರಿಸಿ ಸುಡೋದೊಂದೇ ಸದ್ಯಕ್ಕೆ ಕೆಲಸ ಮಾಡುತ್ತಿರೋದು. ಈ ವಾರ ಏಳು ಕುಡಿ.

ಇನ್ನೊಂದು, ಇವತ್ತು ಬೆಳಿಗ್ಗೆ ಕಂಡದ್ದು. ಪೈಪಿನ ಬಾಯಿಯ ಮುಂದೆ ಇಟ್ಟಿಗೆ ಪುಡಿ ಬಿದ್ದಿದೆ, ಶೇಡ್‌ನೆಟ್ಟಿನ ತೋಳಿನ ಒಂದು ತುಂಡು ಹೊರಗೆ ಎಳೆದು ಹಾಕಿದೆ. ಅಂಚು ನೋಡಿದರೆ ಹಲ್ಲಿನ ಗುರುತು. ಚರಂಡಿಯಿಂದ ಹೆಗ್ಗಣ ಪೈಪು ಹತ್ತಿದೆ. ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಬೇಕು. ಪೈಪಿನ ಹೊರ ಅಳತೆ ಮೂರೂವರೆ ಇಂಚು. ಪುಸ್ತಕದಲ್ಲಿ ಬರೆದಿದ್ದೇನೆ, ಈ ಸಲ ಕೆಂಪು ಪೆನ್ನಲ್ಲಿ.